ಕಾರ್ಡ್ ಉಳಿಯಿತು

ಭಾರತದ ವೃತ್ತಿಪರ ಗಾಲ್ಫ್ ಪಂದ್ಯಾವಳಿಗಳ ಸರಣಿಯಾದ ಪಿಜಿಟಿಐ ಋತು ಮುಗಿಯಿತು. ವರ್ಷದ ಗಳಿಕೆಯ ಆರ್ಡರ್ ಆಫ್ ಮೆರಿಟ್ ಪಟ್ಟಿಯ ಮೊದಲ 60ರೊಳಗೆ ನನ್ನ ಹೆಸರಿದೆ, ಸರಣಿಯಲ್ಲಿ ಆಡುವ ಕಾರ್ಡ್ ಉಳಿಯಿತು. ಮುಂದಿನ ವರ್ಷ ಮತ್ತೆ ಅರ್ಹತಾ ಸುತ್ತಿನ ಬಾಗಿಲು ತಟ್ಟಬೇಕಾಗಿಲ್ಲ.

ಅಪ್ಪ, ಅಮ್ಮ, ಅಕ್ಕ, ಬೆಂಗಳೂರಿನ ಚಲ್ಲಘಟ್ಟದ ಕೆಜಿಎ ಗಾಲ್ಫ್ ಅಂಗಳದ ಮಾಲಿಗಳು, ರೈಲು ಟಿಕೆಟ್ಟಿಗೆ ಕೈಗಡ ಕೊಟ್ಟು ಇಂದಿಗೂ ಕೇಳದ ಇಬ್ಬರು ಗೆಳೆಯರು, ಎಲ್ಲರಿಗೂ ಮನಸಾರೆ ನಮಸ್ಕಾರ.

ಉಳಿದ ಮಾತೆಲ್ಲ ಆಟದಲ್ಲಿ ನನ್ನ ಬ್ಯಾಗ್ ಹೊರುವ ಕ್ಯಾಡಿ ಅಣ್ಣನಿಗೆ.

ಕೋಲ್ಕತ್ತದ ರಾಯಲ್ ಕಲ್ಕತ್ತಾ 1829ರ ಗಾಲ್ಫ್ ಸಂಸ್ಥೆ. ಅಲ್ಲಿ ಎತ್ತ ತಿರುಗಿದರೂ ಕೆರೆ. ಎರಡನೇ ದಿನದ ಕೊನೆಯ ಹೋಲ್‌ನಲ್ಲಿ ನನ್ನ ಎರಡು ಚೆಂಡು ನೀರು ಸೇರಿದವು, ಒಂದೇ ಹೊಡೆತದಿಂದ ಕಟ್, ಅಂದರೆ ಉಳಿದ ಸುತ್ತುಗಳನ್ನು ಆಡುವ ಅರ್ಹತೆ, ತಪ್ಪಿತು. ಕಟ್ ತಪ್ಪಿದರೆ ಬಹುಮಾನದ ಹಣವಿಲ್ಲ. ನನಗಿಲ್ಲದಿದ್ದರೆ ಅಣ್ಣನ ಪಾಲೂ ಇಲ್ಲ. ಸತತ ಐದನೇ ಸಲ ಹೀಗಾಗಿತ್ತು. ಆ ರಾತ್ರಿ ವಸತಿಗೃಹದ ಕೋಣೆಯಲ್ಲಿ, ಚೆಂಡು ಹೊಡೆಯುವ ಕ್ಲಬ್ಬುಗಳನ್ನೆಲ್ಲ ಮಾರಿಬಿಡುತ್ತೇನೆ ಎಂದೆ. ಅತ್ತುಬಿಟ್ಟೆ. ಅಪ್ಪನ ಮುಂದೆಯೂ ಹಾಗೆ ಅತ್ತವನಲ್ಲ ನಾನು.

ಅಣ್ಣ ಸಮಾಧಾನ ಹೇಳಲಿಲ್ಲ. ಒದ್ದೆ ಟವೆಲ್ ಹಿಡಿದು ನೆಲದ ಮೇಲೆ ಕುಳಿತು ಹದಿನಾಲ್ಕೂ ಕ್ಲಬ್ಬುಗಳನ್ನು ಒಂದೊಂದಾಗಿ ಒರೆಸಿದರು. ಅಂದು ಬ್ಯಾಗಿನಿಂದ ಹೊರಗೇ ಬಾರದಿದ್ದವನ್ನೂ ಒರೆಸಿದರು. ಹತ್ತು ವರ್ಷಗಳಿಂದ ನನ್ನನ್ನು "ಸಾರ್" ಎನ್ನುತ್ತಿದ್ದವರು ಅಂದು ಮೊದಲ ಬಾರಿಗೆ, "ತಮ್ಮಾ, ಇದನ್ನು ಹೊತ್ತವನು ನಾನು. ನನ್ನನ್ನು ಕೇಳದೆ ಮಾರಬೇಡ" ಎಂದರು. ಬೆಳಗಾಗುವವರೆಗೂ ಮಲಗಲಿಲ್ಲ. ನಾನು ಎದ್ದಾಗಲೆಲ್ಲ ಗೋಡೆಗೊರಗಿ ಕುಳಿತೇ ಇದ್ದರು. ಆ ವಾರದ ಕೂಲಿ ಕೊಡಹೋದರೆ, "ಜಮ್ಶೆಡ್‌ಪುರದಲ್ಲಿ ಸೇರಿಸಿ ಕೊಡು" ಎಂದು ಕೈ ಹಿಂದಕ್ಕೆಳೆದುಕೊಂಡರು.

ಜಮ್ಶೆಡ್‌ಪುರದಲ್ಲಿ ನಡೆದ ಪಂದ್ಯಾವಳಿಯಲ್ಲಿ ಸುತ್ತಿನ ಅರ್ಧ ಬೆಲ್ಡಿ ಅಂಗಳದಲ್ಲಿ, ಇನ್ನರ್ಧ ಗೋಲ್ಮುರಿ ಅಂಗಳದಲ್ಲಿ. ಕೊನೆಯ ದಿನ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ಗೆ ಕೈ ಹಾಕಿದಾಗಲೆಲ್ಲ ಅಣ್ಣ ಅದರ ಮೇಲೆ ಅಂಗೈ ಇಟ್ಟು, ಮಾತಿಲ್ಲದೆ ಕಡಿಮೆ ದೂರದ, ಹಿಡಿತ ಹೆಚ್ಚಿನ ಐರನ್ ಕೊಟ್ಟರು. ಚೆಂಡು ಹುಲ್ಲು ಕತ್ತರಿಸಿದ ನಡುದಾರಿಯಾದ ಫೇರ್‌ವೇ ಬಿಟ್ಟು ಕದಲಲಿಲ್ಲ. ಚೆಂಡನ್ನು ಗುಳಿಗೆ ಉರುಳಿಸುವ ಕೊನೆಯ ಪಟ್ ನಾಲ್ಕು ಅಡಿಯದು. ಅದರ ಇಳಿಜಾರನ್ನು ನಾನು ಎಡಕ್ಕೆಂದು ಓದಿದ್ದೆ, ಅವರು ನೇರ ಎಂದರು. ನೇರವೇ ಇತ್ತು.

ಟಾಟಾನಗರ ನಿಲ್ದಾಣದಲ್ಲಿ ಅವರ ಪಾಲಿನೊಂದಿಗೆ ಕೋಲ್ಕತ್ತದ ಕೂಲಿಯನ್ನೂ ಸೇರಿಸಿ ಕೊಟ್ಟೆ. ಎಣಿಸದೆ ಜೇಬಿಗಿಟ್ಟುಕೊಂಡರು. "ಸಾರ್, ಜರುಗಿ" ಎಂದು ಬ್ಯಾಗನ್ನು ಮೇಲಿನ ಬರ್ತಿಗೆ ಎತ್ತಿಟ್ಟರು.