ಸೈಕಲ್ಲಿನವರಿಗೂ ಒಂದು ಬೋರ್ಡ್ ಹಾಕಿ

ಸಂಪಾದಕರೇ,

ಹೋದ ಡಿಸೆಂಬರ್‌ನಲ್ಲಿ ನಾವು ಮೂವರು ಗೆಳೆಯರು ಮೂರು ದಿನ ಸೈಕಲ್ ತುಳಿದೆವು. ಬಾದಾಮಿ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ, ಕೊನೆಗೆ ಕೃಷ್ಣಾ-ಮಲಪ್ರಭಾ ಸೇರುವ ಕೂಡಲಸಂಗಮ. ಕಾರಿನವರು ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಿ ಫೋಟೊ ಹೊಡೆದುಕೊಂಡು ಹೋಗುತ್ತಾರೆ. ಅವರಿಗೆ ಸಿಗೋದು ಗುಡಿ ಮಾತ್ರ. ನಮಗೆ ಬೆಳಗಿನ ಬಿಸಿಲಿಗೆ ಬಣ್ಣ ಬದಲಿಸುವ ಬಾದಾಮಿಯ ಕೆಂಪು ಬಂಡೆ, ಬನಶಂಕರಿ ಗುಡಿ ಮುಂದೆ ಬುಟ್ಟಿ ಇಟ್ಟುಕೊಂಡು ಕೂತ ಅವ್ವ ಬಡಿಸಿದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಮಹಾಕೂಟದ ಹೊಂಡದ ತಣ್ಣನೆ ನೀರು ಎಲ್ಲಾ ಸಿಕ್ಕಿತು. ಐಹೊಳೆಯಲ್ಲಿ ಮೇಗುತಿ ಗುಡ್ಡ ಹತ್ತಿ ಇಮ್ಮಡಿ ಪುಲಕೇಶಿಯ ಆಸ್ಥಾನ ಕವಿ ರವಿಕೀರ್ತಿ ಬರೆದ ಕ್ರಿ.ಶ. 634ರ ಶಾಸನದ ಮುಂದೆ ನಿಂತಾಗ ಕಾಲುನೋವು ಮರೆತೇ ಹೋಯಿತು. (ಇಳಿಯುವಾಗ ಮತ್ತೆ ನೆನಪಾಯಿತು, ಬಿಡಿ.)

ದಾರಿಯ ಕಥೆ ಬೇರೆ. ನನ್ನ ಹಿಂದಿನ ಟೈರಿನಿಂದ ಎಣಿಸಿ ಏಳು ಜಾಲಿ ಮುಳ್ಳು ಕಿತ್ತೆ. ಪಂಕ್ಚರ್ ಅಂಗಡಿ ಸಿಗುವವರೆಗೆ ಸೈಕಲ್ ತಳ್ಳಿಕೊಂಡೇ ನಡೆದೆ. ಸಂಜೆಯಾದರೆ ಕಬ್ಬಿನ ಟ್ರ್ಯಾಕ್ಟರ್‌ಗಳ ಭಯ, ಅವುಗಳ ಹಿಂದೆ ಒಂದು ಕೆಂಪು ದೀಪವೂ ಇರಲಿಲ್ಲ.

ಪಟ್ಟದಕಲ್ಲು 1987ರಿಂದಲೇ ವಿಶ್ವ ಪರಂಪರೆ ತಾಣ. ಹೊಸ ಕಾಂಕ್ರೀಟ್ ರಸ್ತೆ ನಾವು ಕೇಳುತ್ತಿಲ್ಲ, ಹೊಲದ ನಡುವಿನ ಹಳೇ ದಾರಿಗಳೇ ಚೆಂದ. ಆ ದಾರಿ ತೋರಿಸುವ ಬೋರ್ಡ್, ಅಲ್ಲಲ್ಲಿ ಕುಡಿಯುವ ನೀರು, ಗುಡಿ ಹತ್ತಿರ ಸೈಕಲ್‌ಗೆ ಚೈನು ಹಾಕಿ ಬೀಗ ಜಡಿಯಲು ಒಂದು ಕಬ್ಬಿಣದ ಸರಳು. ಇಷ್ಟು ಮಾಡಬಹುದು ಅಲ್ವಾ?

ಒಬ್ಬ ಓದುಗ, ಬಾಗಲಕೋಟೆ