ಪ್ಯಾರಿಷ್ ಪುಸ್ತಕದಲ್ಲಿ ಹೆಸರಿಲ್ಲವೇ? ಚಾಪೆಲ್ ರಿಜಿಸ್ಟರ್ ನೋಡಿ

ಮಾನ್ಯರೆ,

1810ರಲ್ಲಿ ಬಳ್ಳಾರಿಗೆ ಬಂದ ಜಾನ್ ಹ್ಯಾಂಡ್ಸ್, ಕನ್ನಡ ನಿಘಂಟು ಮಾಡಿದ ವಿಲಿಯಂ ರೀವ್, ಶಾಸನಗಳ ಬಿ.ಎಲ್. ರೈಸ್ ಅವರ ತಂದೆ ಬೆಂಜಮಿನ್ ರೈಸ್, ಎಲ್ಲರೂ ಲಂಡನ್ ಮಿಷನ್‌ನವರು. ಇಂಥವರ ಇಂಗ್ಲೆಂಡಿನ ಮನೆತನ ಹುಡುಕುವವರು ಊರಿನ ಪ್ಯಾರಿಷ್ ಚರ್ಚಿನ (ಇಂಗ್ಲೆಂಡಿನ ಅಧಿಕೃತ ಆಂಗ್ಲಿಕನ್ ಚರ್ಚಿನ ಸ್ಥಳೀಯ ಶಾಖೆ) ರಿಜಿಸ್ಟರ್ ತಿರುವಿ, ದೀಕ್ಷಾಸ್ನಾನದ ದಾಖಲೆ ಸಿಗದೆ ಅಲ್ಲಿಗೇ ಕೈಬಿಡುತ್ತಾರೆ. ಆ ಮಿಷನ್‌ಗೆ ಬರುತ್ತಿದ್ದವರು ಹೆಚ್ಚಾಗಿ ಆಂಗ್ಲಿಕನ್ ಚರ್ಚಿನಿಂದ ಹೊರಗುಳಿದ ನಾನ್‌ಕನ್ಫರ್ಮಿಸ್ಟ್ ಸಭೆಗಳವರು. ಅವರನ್ನು ಚಾಪೆಲ್ (ಈ ಸಭೆಗಳ ಪ್ರಾರ್ಥನಾ ಮಂದಿರ) ಪುಸ್ತಕಗಳಲ್ಲಿ ಹುಡುಕಬೇಕು.

ಮದುವೆ ಮಾತ್ರ ಬೇರೆ. 1754ರ ಮಾರ್ಚ್ 25ರಿಂದ 1837ರ ಜೂನ್ ಕೊನೆಯವರೆಗೆ ಕ್ವೇಕರ್ (ನಾನ್‌ಕನ್ಫರ್ಮಿಸ್ಟರಲ್ಲೇ ಒಂದು ಪಂಗಡ) ಮತ್ತು ಯಹೂದಿಗಳನ್ನು ಬಿಟ್ಟು ಉಳಿದವರೆಲ್ಲ ಆಂಗ್ಲಿಕನ್ ಚರ್ಚಿನಲ್ಲೇ ಮದುವೆಯಾಗಬೇಕಿತ್ತು. ಹಾಗಾಗಿ ಮೊದಲು ಪ್ಯಾರಿಷ್‌ನಲ್ಲಿ ಮದುವೆ ಹಿಡಿಯಿರಿ, ಆಮೇಲೆ ಸುತ್ತಲಿನ ಚಾಪೆಲ್‌ಗಳಲ್ಲಿ ಮಕ್ಕಳನ್ನು ಹುಡುಕಿ. 1837ಕ್ಕೆ ಮುಂಚಿನ ಬಹುಪಾಲು ಚಾಪೆಲ್ ರಿಜಿಸ್ಟರ್‌ಗಳು ಸರ್ಕಾರದ ವಶಕ್ಕೆ ಹೋಗಿ ಈಗ ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ದಾಖಲೆಗಾರದಲ್ಲಿವೆ. ಅಲ್ಲಿನ ದಾಖಲೆ ಶ್ರೇಣಿಗಳಲ್ಲಿ ಆರ್‌ಜಿ 4 ಎಂಬುದು ಮುಖ್ಯವಾದದ್ದು, ಆರ್‌ಜಿ 6 ಕ್ವೇಕರ್‌ಗಳದ್ದು.

ನಿಜವಾದ ನಿಧಿ ಇರುವುದು ಆರ್‌ಜಿ 5ರಲ್ಲಿ. ಲಂಡನ್ನಿನ ಡಾ. ವಿಲಿಯಮ್ಸ್ ಗ್ರಂಥಾಲಯ 1742ರಿಂದ 1837ರವರೆಗೆ ನಾನ್‌ಕನ್ಫರ್ಮಿಸ್ಟರ ಜನನ ನೋಂದಣಿ ನಡೆಸಿತು. ಈ ಶ್ರೇಣಿಯಲ್ಲಿರುವ ಅದರ ಜನನ ಪತ್ರದಲ್ಲಿ ತಾಯಿಯ ತಂದೆಯ ಹೆಸರೂ ಇರುತ್ತದೆ, ಹೆರಿಗೆ ಸಮಯದಲ್ಲಿದ್ದವರ ಸಹಿಯೂ ಇರುತ್ತದೆ. ಪ್ಯಾರಿಷ್ ಪುಸ್ತಕದಲ್ಲಿ ಇಷ್ಟು ಸಿಗುವುದು ಅಪರೂಪ. ಆದರೆ ಐದಾರು ಮಕ್ಕಳನ್ನು ಒಂದೇ ದಿನ, ಹುಟ್ಟಿ ಎಷ್ಟೋ ವರ್ಷಗಳ ಮೇಲೆ ನೋಂದಾಯಿಸಿದ್ದೂ ಉಂಟು. ನೋಂದಣಿಯ ದಿನವನ್ನೇ ಹುಟ್ಟಿದ ದಿನವೆಂದು ಬರೆದುಕೊಂಡರೆ ವಂಶವೃಕ್ಷವೇ ತಲೆಕೆಳಗು.

ಪಂಗಡ ತಿಳಿಯದಿದ್ದರೆ ಇನ್ನೂ ಕಷ್ಟ. ಬ್ಯಾಪ್ಟಿಸ್ಟರು ಶಿಶುಗಳಿಗೆ ದೀಕ್ಷಾಸ್ನಾನ ಕೊಡುವುದಿಲ್ಲ. ಹುಟ್ಟಿನ ಪಟ್ಟಿಯ ಜೊತೆಗೆ ಸಭೆಯ ಸದಸ್ಯರ ಪುಸ್ತಕವನ್ನೂ ನೋಡಿ. ಯಾರು ಯಾವ ಊರಿನ ಸಭೆಗೆ ವರ್ಗವಾದರೆಂದು ಅದರಲ್ಲಿ ಬರೆದಿರುತ್ತದೆ. ವೆಸ್ಲಿಯನ್ನರದು (ಮೆಥಡಿಸ್ಟ್ ಪಂಗಡ) ಸರ್ಕಿಟ್ ಲೆಕ್ಕ, ಅಂದರೆ ಹಲವು ಊರುಗಳ ಚಾಪೆಲ್‌ಗಳು ಸೇರಿ ಒಂದು ಗುಂಪು: ಹಳ್ಳಿಯ ಮಗುವಿನ ಹೆಸರು ಹತ್ತು ಮೈಲಿ ದೂರದ ಪೇಟೆ ಚಾಪೆಲ್‌ನಲ್ಲಿರಬಹುದು. ಕೆಲವು ಪಾದ್ರಿಗಳಂತೂ ರಿಜಿಸ್ಟರನ್ನು ಸ್ವಂತದ್ದೆಂದು ಊರು ಬಿಡುವಾಗ ಜೊತೆಗೇ ಒಯ್ದರು!

ಕ್ವೇಕರ್‌ಗಳು ತಿಂಗಳಿಗೆ ಹೆಸರಿನ ಬದಲು ಅಂಕಿ ಬರೆಯುತ್ತಿದ್ದರು. 1752ಕ್ಕೆ ಮೊದಲು ಅವರ ಒಂದನೇ ತಿಂಗಳು ಮಾರ್ಚ್. ಹಾಗಾಗಿ '1740, 4ನೇ ತಿಂಗಳು' ಎಂದರೆ ಜೂನ್, ಏಪ್ರಿಲ್ ಅಲ್ಲ. '1740, 12ನೇ ತಿಂಗಳು' ನಮ್ಮ ಲೆಕ್ಕಕ್ಕೆ 1741ರ ಫೆಬ್ರುವರಿ.

ಇಲ್ಲಿ ಹುಟ್ಟಿದ ಮಕ್ಕಳಿಗಾಗಿ ಬ್ರಿಟಿಷ್ ಲೈಬ್ರರಿಯಲ್ಲಿರುವ ಮದ್ರಾಸ್ ಪ್ರಾಂತದ ಚರ್ಚ್ ದಾಖಲೆಗಳ ಎನ್/2 ಶ್ರೇಣಿ ನೋಡಬಹುದು. ಮಿಷನ್‌ನ ಪತ್ರಗಳು ಲಂಡನ್ನಿನ ಸೋಆಸ್ (ಏಷ್ಯಾ, ಆಫ್ರಿಕಾ ಅಧ್ಯಯನದ ವಿಶ್ವವಿದ್ಯಾಲಯ) ಗ್ರಂಥಾಲಯದಲ್ಲಿವೆ. ಎಲ್ಲಿ ಹುಡುಕಿದರೂ ಅಂತರ್ಜಾಲದ ಸೂಚಿಯನ್ನಷ್ಟೇ ನಂಬದೆ ಮೂಲ ಪುಟದ ಚಿತ್ರ ತೆರೆಯಿರಿ. ಸೂಚಿಯಲ್ಲಿ ಸಾಮಾನ್ಯವಾಗಿ ಮಗು ಮತ್ತು ತಂದೆ–ತಾಯಿಯ ಹೆಸರಷ್ಟೇ ಇರುತ್ತದೆ. ತಾಯಿಯ ತವರಿನ ವಿವರ ಉಳಿದಿರುವುದು ಆ ಪುಟದಲ್ಲೇ.

– ಓದುಗರೊಬ್ಬರು, ಬಳ್ಳಾರಿ