ಚಿಲಕ ಹಾಕಿ ಕೇಳಿದವರಿಗೆ

ಮಗಳಿಗೆ ನಿನ್ನೆ ಒಂದು ವರ್ಷ ತುಂಬಿತು. ಫೋಟೊ ಹಾಕುವುದಿಲ್ಲ, ನಾವೀಗ ಎಲ್ಲಿದ್ದೇವೆ ಅಂತಲೂ ಹೇಳುವುದಿಲ್ಲ. ಋಣವನ್ನಷ್ಟೇ ಹೇಳಿಕೊಳ್ಳುತ್ತೇನೆ.

ಮೊದಲು ಆ ಸಿಸ್ಟರ್‌ಗೆ. ಬಸುರಿಯಾಗಿದ್ದಾಗ ಪ್ರತಿ ತಪಾಸಣೆಗೂ ಗಂಡ ಪಕ್ಕದಲ್ಲೇ ಕೂರುತ್ತಿದ್ದ. ಡಾಕ್ಟರು ನನ್ನನ್ನು ಕೇಳಿದ್ದಕ್ಕೆ ಅವನೇ ಉತ್ತರ ಕೊಡುತ್ತಿದ್ದ. ಎಂಥ ಕಾಳಜಿ ಅಂತ ನೋಡಿದವರೆಲ್ಲ ಹೊಗಳುತ್ತಿದ್ದರು! ಐದನೇ ತಿಂಗಳಲ್ಲಿ ಸಿಸ್ಟರ್, "ತೂಕ ನೋಡ್ಬೇಕು, ನೀವು ಹೊರಗಿರಿ" ಅಂತ ಅವನನ್ನು ಕಳಿಸಿ ಚಿಲಕ ಹಾಕಿದರು. ತೂಕ ಆಗಲೇ ನೋಡಿ ಆಗಿತ್ತು. "ಇದು ಎಲ್ಲರಿಗೂ ಕೇಳೋ ಪ್ರಶ್ನೆ ಕಣಮ್ಮ. ಮನೇಲಿ ಯಾರಾದ್ರೂ ಹೊಡೆಯೋದು, ಹೆದರಿಸೋದು ಮಾಡ್ತಾರಾ?"

ಇಲ್ಲ ಅಂದೆ. ಬಿಪಿ ಪಟ್ಟಿ ಸುತ್ತಲು ತೋಳು ಹಿಡಿದವರು ನೀಲಿಗಟ್ಟಿದ್ದನ್ನು ಕಂಡರು. ಏನೂ ಅನ್ನದೆ ಇನ್ನೊಂದು ತೋಳಿಗೆ ಸುತ್ತಿದರು. "ಮುಂದಿನ ತಿಂಗಳೂ ಕೇಳ್ತೀನಿ" ಅಂದರು, ಅಷ್ಟೆ. ಕೇಳಿದರು ಕೂಡ. ಆಗ ಬಾಯಿಬಿಟ್ಟೆ.

ಕೌನ್ಸೆಲರ್ ಮೇಡಂ ಹತ್ತು ಪ್ರಶ್ನೆಗಳ ಹಾಳೆ ಕೊಟ್ಟರು. 1987ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದವರು ಬಾಣಂತಿಯರ ಖಿನ್ನತೆ ಗುರುತಿಸಲೆಂದು ಮಾಡಿದ್ದಂತೆ, ಬಸುರಿಯರಿಗೂ ಬಳಸುತ್ತಾರೆ. ಕಳೆದ 7 ದಿನ ಹೇಗಿದ್ದಿರಿ ಅಂತ ಕೇಳುತ್ತದೆ. ನಿದ್ದೆಯಿಲ್ಲ, ಕಾರಣವಿಲ್ಲದೆ ಗಾಬರಿ, ಅಳು. ಬಸುರಿಯಾದ ಮೇಲೆ ಇದೆಲ್ಲ ಇದ್ದದ್ದೇ ಅಂದುಕೊಂಡಿದ್ದೆ. ಹತ್ತನೆಯದು, ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಯೋಚನೆ ಬಂದಿತ್ತೇ ಅಂತ. ಅಲ್ಲಿ ಪೆನ್ನು ನಿಂತಿತು. ಮೇಡಂ ಅವಸರ ಮಾಡಲಿಲ್ಲ.

ಜಗತ್ತಿನಲ್ಲಿ ಸುಮಾರು ಶೇ. 10ರಷ್ಟು ಗರ್ಭಿಣಿಯರಿಗೆ ಖಿನ್ನತೆಯಂಥ ತೊಂದರೆ ಇರುತ್ತದೆ, ಏಟು ತಿನ್ನುವವರಿಗೆ ಅಪಾಯ ಇನ್ನೂ ಹೆಚ್ಚು ಅಂತ ಅವರೇ ಹೇಳಿದ್ದು. ರಕ್ತಸ್ರಾವ, ದಿನ ತುಂಬದ ಹೆರಿಗೆ, ಮಗುವಿನ ತೂಕ ಕಡಿಮೆ ಆಗೋದು, ಇವಕ್ಕೂ ಏಟಿಗೂ ನಂಟಿದೆ ಅಂದರು. ಆಮೇಲೆ "ಯಾವತ್ತಾದರೂ ಕತ್ತು ಹಿಸುಕಿದ್ದಾನಾ?" ಅಂತ ಕೇಳಿದರು. "ಒಂದೇ ಸಲ" ಅಂದೆ. ನಗುತ್ತಾ ಅಂದೆ, ಅದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅವರು ಬರೆಯುವುದನ್ನು ನಿಲ್ಲಿಸಿಬಿಟ್ಟರು. ಕತ್ತಿಗೆ ಕೈ ಹಾಕಿದವನು ಮುಂದೆ ಜೀವ ತೆಗೆಯುವ ಸಂಭವ ಹೆಚ್ಚಂತೆ.

ಆದರೂ "ಇವತ್ತೇ ಬಿಟ್ಟು ಬಾ" ಅನ್ನಲಿಲ್ಲ. ಬಿಟ್ಟು ಹೊರಡುವ ಹೊತ್ತೇ ಎಲ್ಲಕ್ಕಿಂತ ಅಪಾಯದ್ದು, ಅದಕ್ಕೆ ತಯಾರಿ ಬೇಕು ಅಂದರು. ಆ ತಯಾರಿಗೆ ಗೆಳತಿ ಇದ್ದಳು. ನನ್ನ ಕಾಗದಪತ್ರ, ಸ್ಕ್ಯಾನಿಂಗ್ ರಿಪೋರ್ಟು, ಎರಡು ಜೊತೆ ಬಟ್ಟೆ ಅವಳ ಮನೆ ಅಟ್ಟದ ಮೇಲೆ ಆರು ವಾರ ಕೂತಿದ್ದವು. "ಛತ್ರಿ ಮರೆತು ಬಂದೆ" ಅಂತ ಮೆಸೇಜು ಬಂದರೆ ಕಾರು ತರಬೇಕು, ಇದು ನಮ್ಮ ಒಪ್ಪಂದ. ಮಳೆಯ ಸುಳಿವೇ ಇಲ್ಲದ ಒಂದು ಮಧ್ಯಾಹ್ನ ಛತ್ರಿ ಮರೆತೆ. ಹತ್ತೇ ನಿಮಿಷಕ್ಕೆ ಬಂದಳು, ಒಂದು ಕಾಲಿಗೆ ಒಂದು ಚಪ್ಪಲಿ, ಇನ್ನೊಂದಕ್ಕೆ ಇನ್ನೊಂದು.

ಅಮ್ಮನಿಗೂ ಕೃತಜ್ಞತೆ, ತುಸು ಕೋಪದ ಜೊತೆಗೆ. "ಮಗು ಬಂದ್ರೆ ಸರಿಹೋಗ್ತಾನೆ, ಹೊಂದಿಕೊಂಡು ಹೋಗು" ಅಂದವಳೇ ಹೆರಿಗೆ ಕೋಣೆಯಲ್ಲಿ ನನ್ನ ಕೈ ಹಿಡಿದು ನಿಂತಿದ್ದಳು. ಅದೇ ಮಾತು ಹೇಳಿದ ಉಳಿದವರಿಗೆ ನನ್ನದೇನೂ ಬಾಕಿಯಿಲ್ಲ.

ಕಳೆದ ವಾರ ಅದೇ ಹಾಳೆ ಮತ್ತೆ ತುಂಬಿದೆ. ನಿದ್ದೆಯ ಪ್ರಶ್ನೆಗೆ ಇನ್ನೂ "ಆಗಾಗ" ಅಂತಲೇ ಗುರುತು ಹಾಕಬೇಕಾಯಿತು. ಹತ್ತನೆಯದಕ್ಕೆ "ಎಂದೂ ಇಲ್ಲ". ಅಷ್ಟರಲ್ಲಿ ಮಗಳು ಪೆನ್ನು ಕಿತ್ತುಕೊಂಡಳು.